ಕರಿ ಎಣ್ಣೆ ಮತ್ತು ಮರ ಕೊಯ್ಯುವ ಗರಗಸ

ಸಾಹಿತ್ಯ ಸಂಘದ ಪತ್ರಿಕೆಯಲ್ಲಿ ಗ್ಯಾರೇಜಿನ ಎಣ್ಣೆಗೇನು ಕೆಲಸ ಎಂದು ಕೆಲವರು ಮೂಗು ಮುರಿಯಬಹುದು. ಮುರಿಯಲಿ. ಥಾಣೆಯಿಂದ ಕಲ್ಯಾಣದವರೆಗೆ, ಅತ್ತ ತುರ್ಭೆ ಕಳಂಬೋಲಿಗಳವರೆಗೆ ಹರಡಿಕೊಂಡಿರುವ ನಮ್ಮವರಲ್ಲಿ ಎಷ್ಟೋ ಮನೆಗಳ ಅನ್ನ ಹುಟ್ಟುವುದು ಗ್ಯಾರೇಜು, ಲಾರಿ, ವರ್ಕ್‌ಶಾಪುಗಳಲ್ಲಿ. ಕಥೆ ಕವನಗಳನ್ನು ಬರೆಯುವ ಕನ್ನಡದಲ್ಲೇ ಈ ಮಾತನ್ನೂ ಬರೆಯಲು ಬರಬೇಕು ಎಂಬುದು ರಸಾಯನಶಾಸ್ತ್ರದ ವಿದ್ಯಾರ್ಥಿಯಾದ ನನ್ನ ಹಠ.

ಪ್ರಶ್ನೆ ಎತ್ತಿದವನು ನಮ್ಮ ಸಂಘದ ಗೆಳೆಯನೇ. ಅವನ ಅಣ್ಣನಿಗೆ ಶೀಳ್ ರಸ್ತೆಯಲ್ಲಿ ಗ್ಯಾರೇಜು. ಗಾಡಿಗಳಿಂದ ಇಳಿಸಿದ ಹಳೇ ಆಯಿಲ್ ಅಲ್ಲಿ ಡ್ರಮ್ಮಿನಲ್ಲಿ ತುಂಬಿರುತ್ತದೆ. ಹುಡುಗರ ಬಾಯಲ್ಲಿ ಅದು 'ಕಾಲಾ ತೇಲ್'. ಮಳೆಗಾಲಕ್ಕೆ ಮುಂಚೆ ಸೊಸೈಟಿಗಳ ಮರದ ಕೊಂಬೆ ಕಡಿಯುವ ಗುತ್ತಿಗೆಯವನು ಬಂದು ಒಂದು ಕ್ಯಾನ್ ತುಂಬಿಸಿಕೊಂಡು ಹೋಗುತ್ತಾನೆ. ಇತ್ತ ಪುತ್ತೂರಿನ ಕಡೆಯಿಂದ ಸೋದರಮಾವನ ಫೋನು: "ಬರುವಾಗ ಒಂದು ಐದು ಲೀಟರ್ ಹಳೇ ಆಯಿಲ್ ತಾ ಮಾರಾಯ, ತೋಟದ ಮೆಷಿನ್ ಗರಗಸಕ್ಕೆ ಹಾಕ್ಲಿಕ್ಕೆ." ಎಣ್ಣೆ ಹೇಗೂ ಎಸೆಯುವುದೇ ತಾನೆ, ಕೊಟ್ಟರೇನು ತಪ್ಪು ಎಂಬುದು ಗೆಳೆಯನ ಪ್ರಶ್ನೆ. ಕೊಡಬಾರದು ಎಂಬುದು ನನ್ನ ಉತ್ತರ. ಯಾಕೆಂದು ಹೇಳಬೇಕಾದರೆ ಮೊದಲು ಆ ಯಂತ್ರವನ್ನು ಸ್ವಲ್ಪ ತಿಳಿಯಬೇಕು.

ಚೈನ್ ಗರಗಸದಲ್ಲಿ ಎರಡು ಟ್ಯಾಂಕುಗಳಿವೆ. ಒಂದರಲ್ಲಿ ಪೆಟ್ರೋಲು, ಎರಡು ಸ್ಟ್ರೋಕಿನ ಎಂಜಿನ್ನಾದ್ದರಿಂದ ಅದಕ್ಕೇ ಸ್ವಲ್ಪ ಆಯಿಲ್ ಬೆರೆಸಿರುತ್ತಾರೆ. ನಾವು ಮಾತಾಡುತ್ತಿರುವುದು ಅದರ ವಿಷಯವಲ್ಲ, ಇನ್ನೊಂದು ಚಿಕ್ಕ ಟ್ಯಾಂಕಿನ ವಿಷಯ. ಮುಂದಕ್ಕೆ ಚಾಚಿಕೊಂಡಿರುವ ಉಕ್ಕಿನ ಪಟ್ಟಿಗೆ ಬಾರ್ ಎನ್ನುತ್ತಾರೆ. ಅದರ ಅಂಚಿನುದ್ದಕ್ಕೂ ಒಂದು ಸಣ್ಣ ಕಾಲುವೆ. ಹಲ್ಲಿನ ಚೈನು ಓಡುವುದು ಆ ಕಾಲುವೆಯಲ್ಲಿ. ಸೆಕೆಂಡಿಗೆ 20 ಮೀಟರು ಓಡುತ್ತದೆ ಎಂದಿಟ್ಟುಕೊಂಡರೂ ಗಂಟೆಗೆ 72 ಕಿಲೋಮೀಟರಾಯಿತು. ಕಲ್ಯಾಣದ ಫಾಸ್ಟ್ ಲೋಕಲ್ ಮುಂಬ್ರಾ ದಾಟುವಾಗಿನ ಓಟವನ್ನು ನೆನೆಸಿಕೊಳ್ಳಿ! ಉಕ್ಕಿನ ಮೇಲೆ ಉಕ್ಕು ಇಷ್ಟು ವೇಗದಲ್ಲಿ ಉಜ್ಜಿದರೆ ಕೆಂಪಗೆ ಕಾದುಹೋಗಬೇಕಲ್ಲವೆ? ಅದಕ್ಕೇ ಚಿಕ್ಕ ಟ್ಯಾಂಕಿನಿಂದ ಪಂಪೊಂದು ಕಾಲುವೆಗೆ ಎಣ್ಣೆಯನ್ನು ತಳ್ಳುತ್ತಲೇ ಇರುತ್ತದೆ.

ಈಗ ಮುಖ್ಯ ಮಾತು. ಕಾರು ಬೈಕುಗಳ ಎಂಜಿನ್ನಿನಲ್ಲಿ ಎಣ್ಣೆ ಒಳಗೇ ಸುತ್ತಿ ಸುತ್ತಿ ಬರುತ್ತದೆ. ಚೈನ್ ಗರಗಸದಲ್ಲಿ ಹಾಗಲ್ಲ. ಒಮ್ಮೆ ಚೈನಿಗೆ ತಾಗಿದ ಎಣ್ಣೆ ತುದಿಯವರೆಗೆ ಹೋಗಿ, ಹೊಟ್ಟಿನೊಂದಿಗೆ ಸಿಡಿದು, ಹೊರಗೇ ಹೋಗುತ್ತದೆ; ಒಂದು ತೊಟ್ಟೂ ಟ್ಯಾಂಕಿಗೆ ಮರಳುವುದಿಲ್ಲ. ಸಾಮಾನ್ಯವಾಗಿ ಪೆಟ್ರೋಲ್ ಮುಗಿಯುವ ಹೊತ್ತಿಗೆ ಎಣ್ಣೆಯ ಟ್ಯಾಂಕೂ ಬಹುಪಾಲು ಖಾಲಿಯಾಗುತ್ತದೆ. ಕಾಲು ಲೀಟರಿನ ಟ್ಯಾಂಕನ್ನು ದಿನಕ್ಕೆ ಆರು ಸಲ ತುಂಬಿದರೆ ಒಂದೂವರೆ ಲೀಟರು. ಅಷ್ಟೂ ಎಣ್ಣೆ ಆ ದಿನ ನೆಲಕ್ಕೆ, ಮರಕ್ಕೆ, ಗರಗಸ ಹಿಡಿದವನ ಮೈಗೆ ಬಿದ್ದಿರುತ್ತದೆ. ಎಂಜಿನ್ ಆಯಿಲ್ ಒಳಗಿರುವ ಎಣ್ಣೆ. ಚೈನ್ ಆಯಿಲ್ ಹೊರಗೆ ಹೋಗುವ ಎಣ್ಣೆ. ಈ ಒಂದು ವ್ಯತ್ಯಾಸ ತಿಳಿದರೆ ಉಳಿದದ್ದೆಲ್ಲ ತಾನಾಗಿ ತಿಳಿಯುತ್ತದೆ.

"ಎಣ್ಣೆ ಎಣ್ಣೆಯೇ ಅಲ್ವಾ?" ಎಂದು ಗ್ಯಾರೇಜಿನ ಹುಡುಗರು ಕೇಳುತ್ತಾರೆ. ಕರಿ ಎಣ್ಣೆಗೂ ಜಾರುವ ಗುಣವಿದೆ, ಹಾಕಿದ ದಿನವೇ ಚೈನು ಕಡಿದು ಬೀಳುವುದಿಲ್ಲ. ಅವರಿಗೆ ಧೈರ್ಯ ಬರುವುದೇ ಇದರಿಂದ. ಆದರೆ ಚೈನಿಗೆಂದು ಮಾಡಿದ ಎಣ್ಣೆಯಲ್ಲಿ ಅಂಟುಗುಣ ಕೊಡುವ ವಸ್ತುವನ್ನು ಬೆರೆಸಿರುತ್ತಾರೆ. ಬೆರಳಿಗೆ ಹಚ್ಚಿ ಎಳೆದರೆ ನೂಲಿನಂತೆ ಬರುತ್ತದೆ. ಎಂಜಿನ್ ಆಯಿಲ್‌ಗೆ ಆ ಗುಣವಿಲ್ಲ. ಅದು ಬೇಗ ಸಿಡಿದು ಹೋಗುತ್ತದೆ, ಬಾರಿನ ತುದಿ ಒಣಗುತ್ತದೆ. ಸಾಲದ್ದಕ್ಕೆ ಹಳೇ ಎಣ್ಣೆಯಲ್ಲಿ ಮಸಿ, ನೀರು, ಆಮ್ಲ, ಬೇರಿಂಗು ಪಿಸ್ಟನ್ನುಗಳು ಸವೆದ ಕಬ್ಬಿಣ ತಾಮ್ರಗಳ ನುಣ್ಣನೆ ಪುಡಿ. ಈ ಪುಡಿ ಅರದಂತೆ ಪಂಪನ್ನೂ ಬಾರನ್ನೂ ತಿನ್ನುತ್ತದೆ. ಮಸಿ ಎಣ್ಣೆ ಬರುವ ಕಿರುತೂತನ್ನು ಮುಚ್ಚುತ್ತದೆ. ಬಟ್ಟೆಯಲ್ಲಿ ಸೋಸಿದರೆ ದೊಡ್ಡ ಕಸ ಹೋದೀತು, ಕರಗಿದ್ದು ಹೋಗುವುದಿಲ್ಲ. ಎಣ್ಣೆಯಲ್ಲಿ ಉಳಿಸಿದ ದುಡ್ಡು ಹೊಸ ಬಾರು, ಹೊಸ ಚೈನಿಗೆ ಖರ್ಚು.

ಯಂತ್ರ ಹಾಳಾದರೆ ಇನ್ನೊಂದು ತರಬಹುದು, ಮೈಚರ್ಮ ಎಲ್ಲಿಂದ ತರುವುದು? ಎಂಜಿನ್ನಿನ ಬೆಂಕಿಯಲ್ಲಿ ಪೆಟ್ರೋಲು ಡೀಸೆಲು ಉರಿಯುವಾಗ ಬೆಂಜೋಪೈರೀನ್‌ನಂಥ, ಬೆಂಜೀನ್ ಉಂಗುರಗಳು ಒಂದಕ್ಕೊಂದು ಅಂಟಿಕೊಂಡ ಸಂಯುಕ್ತಗಳು ಹುಟ್ಟಿ ಎಣ್ಣೆಯಲ್ಲಿ ಸೇರುತ್ತವೆ. ಇವು ಕ್ಯಾನ್ಸರಿಗೆ ಕಾರಣವಾಗಬಲ್ಲವು. ಹೊಸ ಎಣ್ಣೆಯಲ್ಲಿ ಇವು ಅತ್ಯಲ್ಪ. ಗಾಡಿ ಓಡಿದಷ್ಟೂ ಹೆಚ್ಚುತ್ತವೆ. ಪೆಟ್ರೋಲ್ ಗಾಡಿಗಳ ಹಳೇ ಎಣ್ಣೆಯನ್ನು ಇಲಿಗಳ ಚರ್ಮಕ್ಕೆ ಹಚ್ಚಿದಾಗ ಗಡ್ಡೆಗಳೆದ್ದುದು ಪ್ರಯೋಗಗಳಲ್ಲಿ ಕಂಡಿದೆ. ಸ್ಟಿಲ್ ಕಂಪನಿಯವರೂ ತಮ್ಮ ಗರಗಸದ ಕೈಪಿಡಿಯಲ್ಲಿ ಹಳೇ ಎಣ್ಣೆ ಬೇಡ, ಮತ್ತೆ ಮತ್ತೆ ತಾಗಿದರೆ ಚರ್ಮದ ಕ್ಯಾನ್ಸರ್ ಬರಬಹುದು ಎಂದೇ ಎಚ್ಚರಿಸುತ್ತಾರೆ.

ಇಂಥದೇ ಒಂದು ಕಥೆ ಬಟ್ಟೆಗಿರಣಿಗಳ ಚರಿತ್ರೆಯಲ್ಲಿದೆ. ಮುಂಬಯಿಯ ಗಿರಣಿಗಳಲ್ಲಿ ದುಡಿದವರ ಮೊಮ್ಮಕ್ಕಳು ನಮ್ಮ ನಡುವೆಯೂ ಇರುವುದರಿಂದ ಹೇಳುತ್ತೇನೆ. ಇಂಗ್ಲೆಂಡಿನ ಲ್ಯಾಂಕಶೈರಿನಲ್ಲಿ ಮ್ಯೂಲ್ ಎಂಬ ನೂಲುವ ಯಂತ್ರದ ಕದಿರುಗಳಿಗೆ ಖನಿಜ ಎಣ್ಣೆ ಹಾಕುತ್ತಿದ್ದರು. ತಿರುಗುವ ಕದಿರುಗಳಿಂದ ಎಣ್ಣೆ ಸಿಡಿದು ಕೆಲಸಗಾರರ ಬಟ್ಟೆ ತೊಡೆಸಂದಿಯ ಹತ್ತಿರ ನೆನೆಯುತ್ತಿತ್ತು. ವರ್ಷಗಳು ಕಳೆದ ಮೇಲೆ ಅವರಲ್ಲಿ ವೃಷಣಚೀಲದ ಚರ್ಮದ ಕ್ಯಾನ್ಸರು ಕಾಣಿಸಿಕೊಂಡಿತು. 1922ರಲ್ಲಿ ಮ್ಯಾಂಚೆಸ್ಟರಿನ ವೈದ್ಯರಾದ ಸೌಥಮ್ ಮತ್ತು ವಿಲ್ಸನ್ ಇದನ್ನು ಬರೆದು ಪ್ರಕಟಿಸಿದರು. ಚೆನ್ನಾಗಿ ಶುದ್ಧೀಕರಿಸಿದ ಬಿಳಿ ಎಣ್ಣೆ ಇಲ್ಲವೆ ಸಸ್ಯ, ಪ್ರಾಣಿಗಳ ಎಣ್ಣೆಯನ್ನೇ ಬಳಸಬೇಕೆಂಬ ನಿಯಮ ಬಂದದ್ದು 1953ರಲ್ಲಿ. ನಡುವಿನ ಮೂವತ್ತೊಂದು ವರ್ಷಗಳಲ್ಲಿ ಎಷ್ಟು ಮಂದಿಯ ಮೈಮೇಲೆ ಆ ಎಣ್ಣೆ ಬಿದ್ದಿರಬೇಡ! ಕದಿರಿನ ಜಾಗದಲ್ಲಿ ಚೈನನ್ನು ಇಟ್ಟು ನೋಡಿ. ಮಳೆಗಾಲದ ಮುಂಚೆ ಡೊಂಬಿವಲಿಯ ಕಾಲೊನಿಯಲ್ಲಿ ಗುಲ್‌ಮೊಹರ್ ಏರಿ ಕೊಂಬೆ ಕೊಯ್ಯುವ ಹುಡುಗನಿಗೆ ಕೈಗವಸೂ ಇರುವುದಿಲ್ಲ. ಎಣ್ಣೆ ಒರೆಸಿದ ಚಿಂದಿಯನ್ನು ಮತ್ತೆ ಪ್ಯಾಂಟಿನ ಜೇಬಿಗೇ ತುರುಕುತ್ತಾನೆ. ಮಧ್ಯಾಹ್ನ ಆ ಕೈಯಲ್ಲೇ ವಡಾ ಪಾವ್.

ಇನ್ನು ನೆಲ ಮತ್ತು ನೀರು. ಒಂದು ಗ್ಯಾಲನ್ ಹಳೇ ಎಣ್ಣೆ ಹತ್ತು ಲಕ್ಷ ಗ್ಯಾಲನ್ ಸಿಹಿನೀರನ್ನು ಕೆಡಿಸಬಲ್ಲದು ಎಂದು ಅಮೆರಿಕದ ಪರಿಸರ ಇಲಾಖೆ ಹೇಳುತ್ತದೆ. ನಮ್ಮಲ್ಲಿ ಜೂನ್ ಬಂತೆಂದರೆ ಹೊಟ್ಟಿನಲ್ಲಿದ್ದ ಎಣ್ಣೆಯೆಲ್ಲ ಗಟಾರಕ್ಕೆ, ಗಟಾರದಿಂದ ನಾಲಾಕ್ಕೆ, ಅಲ್ಲಿಂದ ಉಲ್ಹಾಸ್ ನದಿಗೋ ಥಾಣೆ ಖಾಡಿಗೋ. ಅದೇ ಖಾಡಿಯ ಒಂದು ಭಾಗವನ್ನು 2015ರಲ್ಲಿ ಫ್ಲೆಮಿಂಗೋ ಹಕ್ಕಿಗಳ ಅಭಯಾರಣ್ಯವೆಂದು ಸಾರಿದ್ದಾರೆ. 2022ರಲ್ಲಿ ಅದು ರಾಮ್ಸಾರ್ ಪಟ್ಟಿಗೂ ಸೇರಿದೆ. ಪುತ್ತೂರಿನ ತೋಟದಲ್ಲಾದರೆ ನೀರು ಇಳಿಯುವುದು ಮಾವನದೇ ಬಾವಿಗೆ.

ಹಾಗಾದರೆ ಡ್ರಮ್ಮಿನ ಎಣ್ಣೆಯನ್ನು ಏನು ಮಾಡಬೇಕು? ಸ್ವಾರಸ್ಯವೆಂದರೆ ಎಣ್ಣೆ ಸವೆಯುವುದಿಲ್ಲ, ಕೊಳೆಯಾಗುತ್ತದೆ ಅಷ್ಟೆ. ನೀರನ್ನು ಹಾರಿಸಿ, ನಿರ್ವಾತದಲ್ಲಿ ಬಟ್ಟಿ ಇಳಿಸಿ, ಜೇಡಿಯಿಂದಲೋ ಹೈಡ್ರೋಜನ್ನಿನಿಂದಲೋ ಶುದ್ಧಿಮಾಡಿದರೆ ಅದರ ಬಹುಪಾಲು ಮತ್ತೆ ಹೊಸ ಎಣ್ಣೆಯೇ. ನಮ್ಮ ಕಾನೂನೂ 'ಬಳಸಿದ ಎಣ್ಣೆ'ಯನ್ನು 'ತ್ಯಾಜ್ಯ ಎಣ್ಣೆ'ಯಿಂದ ಬೇರೆಯಾಗಿ ಹೆಸರಿಸುತ್ತದೆ: ಗಾಡಿಯಿಂದ ಇಳಿದದ್ದು ಮೊದಲನೆಯದು, ಟ್ಯಾಂಕಿನ ತಳದ ಗಸಿ ಮುಂತಾದದ್ದು ಎರಡನೆಯದು. ಅಪಾಯಕಾರಿ ತ್ಯಾಜ್ಯಗಳ 2016ರ ನಿಯಮಗಳ ಪ್ರಕಾರ ಬಳಸಿದ ಎಣ್ಣೆ ಹೋಗಬೇಕಾದದ್ದು ಪರವಾನಗಿಯುಳ್ಳ ಸಂಸ್ಕರಣೆಯವರಿಗೆ. ಆ ನಿಯಮಗಳಿಗೆ 2023ರಲ್ಲಿ ಮಾಡಿದ ತಿದ್ದುಪಡಿ 2024ರ ಏಪ್ರಿಲ್ 1ರಿಂದ ಜಾರಿಗೆ ಬಂದು, ಎಣ್ಣೆ ತಯಾರಿಸಿ ಮಾರುವ ಕಂಪನಿಗಳಿಗೂ ಮರುಬಳಕೆಯ ಹೊಣೆಯನ್ನು ಹೊರಿಸಿದೆ. ಎಂದರೆ ಡ್ರಮ್ಮಿನಲ್ಲಿರುವುದು ಕಸವಲ್ಲ, ಸರಕು. ಅದಕ್ಕೆ ನೀರು, ಬ್ರೇಕ್ ಆಯಿಲ್, ಥಿನ್ನರ್ ಬೆರೆಸದೆ ಮುಚ್ಚಿಟ್ಟು, ಪರವಾನಗಿಯವರಿಗೆ ಕೊಟ್ಟು ಚೀಟಿ ಪಡೆದರಾಯಿತು.

ಮಾವನ ಗರಗಸಕ್ಕೇನು ಗತಿ? ಅಂಗಡಿಯ ಚೈನ್ ಆಯಿಲ್ ಒಂದು ದಾರಿ. ಅದು ಸಿಗದ ದಿನ ಎಂಜಿನ್ ಆಯಿಲನ್ನೇ ಹಾಕಬೇಕಾಗಿ ಬಂದರೆ ಸೀಲು ಒಡೆಯದ ಹೊಸದನ್ನು ಹಾಕಲಿ. ಮೂರನೆಯದು ಸಸ್ಯದ ಎಣ್ಣೆ. ಯೂರೋಪಿನ ಕಾಡುಗಳಲ್ಲಿ, ನಮ್ಮ ಸಾಸಿವೆಯ ನೆಂಟನಾದ ರೇಪ್ ಬೀಜದ ಎಣ್ಣೆಯಿಂದ ಮಾಡಿದ ಚೈನ್ ಆಯಿಲ್ ಬಳಕೆಯಲ್ಲಿದೆ. ನೆಲಕ್ಕೆ ಬಿದ್ದರೆ ಅದನ್ನು ಸೂಕ್ಷ್ಮಜೀವಿಗಳು ತಿಂದು ಮುಗಿಸುತ್ತವೆ. ಒಂದು ಎಚ್ಚರಿಕೆ: ಸಸ್ಯದ ಎಣ್ಣೆ ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ನಿಂತರೆ ಗೋಂದಿನಂತಾಗುತ್ತದೆ. ಕೆಲಸದ ಕಾಲ ಮುಗಿದೊಡನೆ ಟ್ಯಾಂಕು ಬರಿದು ಮಾಡಿ ಚೈನನ್ನು ತೊಳೆದಿಡಬೇಕು. ನಮಗಿದೇನೂ ಹೊಸತಲ್ಲ. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸಿ ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕುತ್ತಿದ್ದವರು ನಮ್ಮ ಅಜ್ಜಂದಿರೇ. ಕ್ಯಾಸ್ಟ್ರಾಲ್ ಎಂಬ ಹೆಸರು ಹುಟ್ಟಿದ್ದೂ ಕ್ಯಾಸ್ಟರ್, ಅಂದರೆ ಹರಳಿನಿಂದಲೇ.

ಗೆಳೆಯ ಈಗ ಅಣ್ಣನ ಹತ್ತಿರ ಈ ಮಾತು ಎತ್ತಬೇಕಾಗಿದೆ. ಕಿರಿಯರ ಮಾತು ಹಿರಿಯರಿಗೆ ಬೇಗ ರುಚಿಸುವುದಿಲ್ಲ, ನಿಜ. ಕಾನೂನಿನ ಮಾತಿಗೆ ನಕ್ಕುಬಿಟ್ಟಾರು. ನೀರಿನ ಮಾತಿಗೆ 'ಆಯ್ತಾಯ್ತು' ಅಂದಾರು. ಅದಕ್ಕೇ ಅವನಿಗೆ ನಾನು ಕೊಟ್ಟ ಸಲಹೆ ಇಷ್ಟು: ಕೈಯಿಂದ ಶುರುಮಾಡು. ಗ್ಯಾರೇಜಿನ ಹುಡುಗರಿಗೆ ಒಂದೊಂದು ಜೊತೆ ಕೈಗವಸು, ಊಟಕ್ಕೆ ಮೊದಲು ಸೋಪು, ಜೇಬಿನಲ್ಲಿ ಎಣ್ಣೆ ಚಿಂದಿ ಇಡಬಾರದೆಂಬ ನಿಯಮ, ಇವಕ್ಕೆ ಯಾವ ಅಣ್ಣನೂ ಬೇಡ ಎನ್ನಲಾರ. ಕೈಗೆ ತಾಗಬಾರದ ಎಣ್ಣೆಯನ್ನು ಗುತ್ತಿಗೆಯವನ ಕ್ಯಾನಿಗೆ ಹೇಗೆ ಸುರಿಯುವುದು ಎಂಬ ಪ್ರಶ್ನೆ ಆಮೇಲೆ ಅವರಿಗೇ ಹೊಳೆಯುತ್ತದೆ.