ಲಡಾಖ್ ಸೀಮೆಯಲ್ಲಿ ಚಳಿಗಾಲದ ಸೊಪ್ಪಿನ ಬೇಸಾಯ

ಲಡಾಖ್ ಸೀಮೆಯ ಮುಖ್ಯ ಪಟ್ಟಣವಾದ ಲೇಹ್ ಸಮುದ್ರಮಟ್ಟಕ್ಕಿಂತ ಸುಮಾರು ೧೧,೫೦೦ ಅಡಿಗಳ ಎತ್ತರದಲ್ಲಿರುವುದು. ಅಲ್ಲಿ ವರ್ಷದಲ್ಲಿ ಬೀಳುವ ಮಳೆಯೂ ಹಿಮವೂ ಕೂಡಿ ಸುಮಾರು ೪ ಅಂಗುಲ ಮಾತ್ರ. ಬೇಸಗೆಯಲ್ಲಿ ಹಿಮ ಕರಗಿದ ನೀರನ್ನು ಕಾಲುವೆಗಳಿಂದ ಹಾಯಿಸಿ ಜವೆಗೋದಿಯನ್ನೂ ಕಾಯಿಪಲ್ಲೆಗಳನ್ನೂ ಬೆಳೆಯುವರು. ಚಳಿಗಾಲದಲ್ಲಿ ರಾತ್ರಿಯ ಶೈತ್ಯವು ಸೆಂಟಿಗ್ರೇಡ್ ಮಾಪಕದ ಸೊನ್ನೆಗಿಂತ ೨೦ ಡಿಗ್ರಿ ಕೆಳಕ್ಕೆ ಇಳಿಯುವುದುಂಟು. ಆಗ ನೆಲವು ಗುದ್ದಲಿಗೆ ಬಗ್ಗದಂತೆ ಹೆಪ್ಪುಗಟ್ಟುವುದು. ಆಲೂಗೆಡ್ಡೆ, ಮೂಲಂಗಿ ಮೊದಲಾದವುಗಳನ್ನು ನೆಲದೊಳಗಿನ ಗುಂಡಿಗಳಲ್ಲಿ ಕಾಪಾಡಿಕೊಳ್ಳಬಹುದು. ಹಸಿಯ ಸೊಪ್ಪನ್ನು ಹಾಗೆ ಕೂಡಿಡಲಾಗದು. ಹಿಮದಿಂದ ಘಾಟಿಮಾರ್ಗಗಳು ಮುಚ್ಚಿದಾಗ ವಿಮಾನದ ಮೂಲಕ ಬರುವ ಕಾಯಿಪಲ್ಲೆಯು ಬಡ ಕುಟುಂಬಗಳ ಕೈಗೆ ಎಟುಕತಕ್ಕದ್ದಲ್ಲ. ಆದಕಾರಣ ಮನೆಯ ಬಳಿಯಲ್ಲಿಯೇ ಒಂದು ಪಾತಿ ಸೊಪ್ಪು ಬೆಳೆಯುವುದೆಂಬುದು ಅಲ್ಲಿ ವಿನೋದದ ತೋಟಗಾರಿಕೆಯಲ್ಲ.

ಇಂತಹ ಸೀಮೆಯಲ್ಲಿ ಪೈರು ಬೆಳೆಯುವುದಾದರೂ ಹೇಗೆಂದು ಕೇಳಬಹುದು. ಅಲ್ಲಿ ಕೊರತೆಯಾಗಿರುವುದು ಬಿಸಿಲಲ್ಲ. ಆಕಾಶವು ಬಹುತರ ನಿರ್ಮಲವಾಗಿರುವುದು. ಡಿಸೆಂಬರ್ ತಿಂಗಳಿನ ಅತ್ಯಂತ ಕಿರಿಯ ಹಗಲು ಸಹ ಹತ್ತು ಗಂಟೆಗಳಿಗೆ ಸ್ವಲ್ಪವೇ ಕಡಿಮೆ. ಪ್ಯಾರಿಸ್ ನಗರದಲ್ಲಿ ಅದೇ ದಿನದ ಹಗಲು ಎಂಟೂಕಾಲು ಗಂಟೆ ಮಾತ್ರ, ಅದೂ ಮೋಡ ಕವಿದದ್ದು. ಲಡಾಖಿನಲ್ಲಿ ಹಗಲು ದೊರೆತ ಉಷ್ಣವು ರಾತ್ರಿ ನಿರ್ಮಲವಾದ ಆಕಾಶಕ್ಕೆ ಹಾರಿಹೋಗುವುದೇ ನಷ್ಟಕ್ಕೆ ಕಾರಣ. ಅದನ್ನು ಮಣ್ಣಿನಲ್ಲಿಯೂ ಗೋಡೆಯಲ್ಲಿಯೂ ಹಿಡಿದಿಟ್ಟರೆ ಸೌದೆಯನ್ನು ಸುಡಬೇಕಾದುದಿಲ್ಲ. ಮರಗಳು ವಿರಳವಾದ ಆ ಸೀಮೆಯಲ್ಲಿ ಇದು ಅಲ್ಪ ಲಾಭವಲ್ಲ.

ಅತಿ ಸುಲಭವಾದ ಉಪಾಯವು ಕಂದಕದ ಬೇಸಾಯ. ೧೯೬೨ರಲ್ಲಿ ಲೇಹದಲ್ಲಿ ಸ್ಥಾಪಿತವಾದ ರಕ್ಷಣಾ ಸಂಶೋಧನಾಲಯವು ಇದನ್ನು ರೈತರಲ್ಲಿ ಬಳಕೆಗೆ ತರಲು ಶ್ರಮಿಸಿತು. ಪೂರ್ವ ಪಶ್ಚಿಮವಾಗಿ ಉದ್ದವಿರುವಂತೆ ಸುಮಾರು ಮೂರು ಅಡಿ ಆಳದ ಕಂದಕವನ್ನು ತೋಡಿ, ತಳದಲ್ಲಿ ಗೊಬ್ಬರ ಬೆರೆಸಿದ ಮಣ್ಣನ್ನು ಹರಡಿ, ಮೇಲೆ ಮರದ ಗಳುಗಳನ್ನಿಟ್ಟು ಪಾರದರ್ಶಕವಾದ ಪಾಲಿಥೀನ್ ಹಾಳೆಯನ್ನು ಹೊದಿಸುವರು. ಆಳದ ಮಣ್ಣು ಮೇಲಿನ ಮಣ್ಣಿನಷ್ಟು ತಣ್ಣಗಾಗುವುದಿಲ್ಲ. ಗಾಳಿಯೂ ಒಳಗೆ ಹೊಗುವುದಿಲ್ಲ. ಸಂಜೆ ಬಿಸಿಲು ಇಳಿಯುವ ಮೊದಲೇ ಹಾಳೆಯ ಮೇಲೆ ಕಂಬಳಿಯನ್ನೋ ಚಾಪೆಯನ್ನೋ ಹಾಸತಕ್ಕದ್ದು. ಒಂದು ರಾತ್ರಿ ಇದನ್ನು ಮರೆತರೆ ಎರಡು ತಿಂಗಳ ಆರೈಕೆ ವ್ಯರ್ಥವಾಗಬಹುದು. ಕೂಲಿಯಾಳಿಗೆ ಒಪ್ಪಿಸಿ ಯಜಮಾನನು ನಿಶ್ಚಿಂತನಾಗಿರುವ ಕೆಲಸವಲ್ಲ ಇದು.

ಅನುಕೂಲವುಳ್ಳವರು ಬಿಸಿಲುಮನೆಯನ್ನು ಕಟ್ಟುವರು. ಇದರ ಉತ್ತರ, ಪೂರ್ವ, ಪಶ್ಚಿಮಗಳಲ್ಲಿ ಹಸಿಯ ಇಟ್ಟಿಗೆಯ ಜೋಡಿ ಗೋಡೆಗಳಿರುವುವು. ಎರಡರ ನಡುವೆ ಸುಮಾರು ೪ ಅಂಗುಲದ ಸಂದಿನಲ್ಲಿ ಹುಲ್ಲನ್ನೋ ಮರದ ಹೊಟ್ಟನ್ನೋ ತುಂಬುವರು. ದಕ್ಷಿಣದ ಮುಖವೆಲ್ಲ ಪಾಲಿಥೀನ್. ಲೇಹದಲ್ಲಿ ಡಿಸೆಂಬರ್ ಕೊನೆಯ ನಡುಹಗಲಿನ ಸೂರ್ಯನು ದಿಗಂತದಿಂದ ಸುಮಾರು ೩೨ ಡಿಗ್ರಿ ಮಾತ್ರ ಏರುವನು. ಬೆಂಗಳೂರಿನಲ್ಲಿ ಅದೇ ದಿನ ೫೩ ಡಿಗ್ರಿಗೂ ಮೇಲು. ಇಷ್ಟು ಕೆಳಗಿನ ಬಿಸಿಲು ಓರೆಯಾಗಿ ಒಳಹೊಕ್ಕು ಹಿಂದಿನ ಗೋಡೆಯನ್ನು ಮುಟ್ಟುವುದು. ಆ ಗೋಡೆಯ ಒಳಮೈಗೆ ಕಪ್ಪು ಬಳಿದಿದ್ದರೆ ಅದು ಹಗಲೆಲ್ಲ ಕಾದು, ಇರುಳಿನಲ್ಲಿ ಮೆಲ್ಲಮೆಲ್ಲನೆ ಉಷ್ಣವನ್ನು ಬಿಡುವುದು. ಸ್ಥಳವನ್ನು ಆರಿಸುವಾಗ ಬೇಸಗೆಯ ನೆರಳನ್ನು ನೋಡಿ ಮೋಸಹೋಗಬಾರದು. ಇಕ್ಕಟ್ಟಾದ ಕಣಿವೆಗಳಲ್ಲಿ ಬೆಟ್ಟದ ನೆರಳು ಚಳಿಗಾಲದಲ್ಲಿ ಬಹು ದೂರ ಚಾಚುವುದು. ಕಾಲುವೆಗಳು ಹೆಪ್ಪುಗಟ್ಟುವುದರಿಂದ ಊಟೆಯ ಅಥವಾ ಬಾವಿಯ ನೀರು ಹತ್ತಿರವಿರುವುದೂ ಅವಶ್ಯ.

ಬಿತ್ತನೆಯ ಕಾಲವೇ ಎಲ್ಲಕ್ಕಿಂತ ಮುಖ್ಯ. ಹಗಲು ಹತ್ತು ಗಂಟೆಗೆ ಇಳಿದಾಗ ಸಸ್ಯಗಳ ಬೆಳವಣಿಗೆಯು ಬಹುಮಟ್ಟಿಗೆ ನಿಂತಂತಾಗುವುದು. ಆದಕಾರಣ ಚಳಿ ಬಂದ ಮೇಲೆ ಬಿತ್ತಿ ಬೆಳೆಯುವ ಆಸೆಯನ್ನು ಬಿಟ್ಟು, ಸೆಪ್ಟೆಂಬರ್ ತಿಂಗಳಿನಲ್ಲಿಯೇ ಬಿತ್ತಿ, ಡಿಸೆಂಬರ್ ಹೊತ್ತಿಗೆ ಗಿಡಗಳು ಬಲಿತಿರುವಂತೆ ನೋಡಿಕೊಳ್ಳಬೇಕು. ಆಮೇಲೆ ಪಾತಿಯು ಒಂದು ಉಗ್ರಾಣದಂತೆ. ಬೇಕಾದಾಗ ಹೊರಗಿನ ಎಲೆಗಳನ್ನು ಕೊಯ್ದುಕೊಳ್ಳಬಹುದು. ಪಾಲಕ್, ಸಾಸಿವೆಸೊಪ್ಪು, ಕೊತ್ತಂಬರಿ, ಲೆಟ್ಯೂಸ್ ಇವು ಇದಕ್ಕೆ ಯೋಗ್ಯ. ಟೊಮೇಟೊ, ಸೌತೆ ಮೊದಲಾದವುಗಳನ್ನು ಚಳಿಗಾಲದಲ್ಲಿ ಹಾಕಿ ಹಣ ಕಳೆದುಕೊಳ್ಳುವುದು ತರವಲ್ಲ.

ಪಾಲಕ್ ಗಿಡವು ಚಳಿ ಏರಿದಂತೆ ತನ್ನ ಎಲೆಗಳಲ್ಲಿ ಸಕ್ಕರೆಯ ಅಂಶವನ್ನು ಹೆಚ್ಚಿಸಿಕೊಳ್ಳುವುದು. ಅದರಿಂದ ಜೀವಕೋಶಗಳೊಳಗಿನ ರಸವು ಬೇಗನೆ ಹೆಪ್ಪುಗಟ್ಟದು, ಸೊಪ್ಪೂ ರುಚಿಯಾಗುವುದು. ಮುಂಜಾನೆ ಎಲೆಗಳು ಸೆಟೆದು ಜೋಲುಬಿದ್ದಿರುವುದನ್ನು ಕಂಡು ಗಿಡ ಸತ್ತಿತೆಂದು ಹೆದರಿ ಕೀಳುವವರುಂಟು. ಹಾಗೆ ಮಾಡಲಾಗದು. ಹೆಪ್ಪುಗಟ್ಟಿದ ಎಲೆಯನ್ನು ಕೈಯಿಂದ ಮುಟ್ಟಿದರೆ ಮಾತ್ರ ಅದು ನಲುಗಿ ಕೊಳೆಯುವುದು. ಬಿಸಿಲೇರಿ ಎಲೆಗಳು ತಾವಾಗಿ ಸಡಿಲಿದ ಮೇಲೆ ಕೊಯ್ಯಬೇಕು.

ನೀರನ್ನು ಬಿಸಿಲಿರುವ ದಿನ ಪೂರ್ವಾಹ್ಣದಲ್ಲಿಯೇ ಮಿತವಾಗಿ ಕೊಡತಕ್ಕದ್ದು. ನಡುಹಗಲಿನಲ್ಲಿ ಸ್ವಲ್ಪ ಹೊತ್ತು ಕಿಂಡಿಯನ್ನು ತೆರೆದಿಡದಿದ್ದರೆ ಒಳಗಿನ ತೇವದಿಂದ ಬೂಷ್ಟು ಹಿಡಿಯುವುದು. ಸಸ್ಯಹೇನಿನ ಕಾಟವು ವಸಂತಕ್ಕೆ ಮುಂಚೆಯೇ, ಒಳಗೆ ಬೆಚ್ಚಗಾದೊಡನೆ, ತಲೆದೋರುವುದು. ಹೇನು ಹತ್ತಿದ ಎಲೆಗಳನ್ನು ಮೊದಲ ದಿನವೇ ಕಿತ್ತು ಹೊರಗಿನ ಚಳಿಗೆ ಎಸೆದರೆ ಸಾಕು.