ಲಾಂಛನದ ಮರ್ಯಾದೆ

ಬಾದಾಮಿ ಚಾಲುಕ್ಯರ ತಾಮ್ರಶಾಸನಗಳನ್ನು ಕಂಡವರು ಅವುಗಳ ಮುದ್ರೆಯಲ್ಲಿ ವರಾಹವನ್ನು ಗಮನಿಸಿರಬಹುದು. ಅದು ಕೇವಲ ಅಲಂಕಾರವಲ್ಲ; ‘ಇದು ಅರಸನ ಮಾತು’ ಎಂಬುದಕ್ಕೆ ಸಾಕ್ಷಿ. ಇಂದಿನ ಜಾಲತಾಣಗಳ ಲಾಂಛನಕ್ಕೂ ಇದೇ ಕೆಲಸ.

ನಿಮಗೆ ಪರಿಚಿತವಾದ ವಿಕಿಪೀಡಿಯವನ್ನೇ ತೆಗೆದುಕೊಳ್ಳಿ. ಅದರ ಲಾಂಛನ ತುಂಡುಗಳನ್ನು ಜೋಡಿಸಿದ ಒಂದು ಗೋಳ. ನೆತ್ತಿಯಲ್ಲಿ ಕೆಲವು ತುಂಡುಗಳಿಲ್ಲ. ಜ್ಞಾನದ ಕೆಲಸ ಇನ್ನೂ ಮುಗಿದಿಲ್ಲವೆಂದು ಇಂಗಿತ. ತುಂಡುಗಳ ಮೇಲೆ ನಾನಾ ಲಿಪಿಗಳ ಅಕ್ಷರಗಳಿದ್ದು, ಅವುಗಳಲ್ಲಿ ನಮ್ಮ ‘ವಿ’ಯೂ ಒಂದು. 2003ರ ಚಿತ್ರದಲ್ಲಿ ಕೆಲವು ಅಕ್ಷರಗಳು ತಪ್ಪಾಗಿದ್ದುವು. 2010ರಲ್ಲಿ ಅವನ್ನು ತಿದ್ದಿದರು.

ಈಚೆಗೆ ನನ್ನ ವಿದ್ಯಾರ್ಥಿಯೊಬ್ಬನ ತಂದೆ ಒಂದು ಕರಪತ್ರ ಹಿಡಿದು ಬಂದರು. ಮನೆಪಾಠದವರೊಬ್ಬರು ಅದರ ಮೇಲೆ ಈ ಗೋಳವನ್ನು ಅಚ್ಚುಹಾಕಿಸಿದ್ದರು. “ಮೇಷ್ಟರೇ, ವಿಕಿಪೀಡಿಯದವರದೇ ತರಗತಿಯಂತೆ. ಮುಂಗಡ ಕಟ್ಟಿ ಬಂದೆ” ಎಂದರು. ವಿಚಾರಿಸಿದರೆ ಆ ತರಗತಿಗೂ ವಿಕಿಪೀಡಿಯಕ್ಕೂ ಯಾವ ಸಂಬಂಧವೂ ಇರಲಿಲ್ಲ. ಆ ಬಡವರು ಹಣ ಕೊಟ್ಟದ್ದು ಪಾಠಕ್ಕಲ್ಲ, ಗೋಳದ ಮೇಲಿನ ನಂಬಿಕೆಗೆ.

‘ವಿಕಿಪೀಡಿಯದ ಬರಹವನ್ನು ಯಾರಾದರೂ ಬಳಸಬಹುದಲ್ಲವೆ? ಲಾಂಛನಕ್ಕೇನು ಅಡ್ಡಿ?’ ಎಂದು ನೀವು ಕೇಳಬಹುದು. ಇಲ್ಲಿ ಎರಡು ಹಕ್ಕುಗಳಿವೆ. ಕೃತಿಸ್ವಾಮ್ಯ ಬರಹಕ್ಕೂ ಚಿತ್ರಕ್ಕೂ ಸೇರಿದ್ದು. ಮೂಲವನ್ನು ಹೇಳಿ, ಅದೇ ಷರತ್ತಿನಲ್ಲಿ ಮುಂದಕ್ಕೆ ಕೊಡುವುದಾದರೆ ಬರಹವನ್ನು ಬಳಸಬಹುದು. 2014ರಲ್ಲಿ ಲಾಂಛನದ ಚಿತ್ರಕ್ಕೂ ಇಂಥದೇ ಅನುಮತಿ ದೊರೆಯಿತು. ಆದರೆ ವ್ಯಾಪಾರಚಿಹ್ನೆಯ ಹಕ್ಕು ಬೇರೆ. ಅದು ವಿಕಿಮೀಡಿಯ ಫೌಂಡೇಷನ್ನಿನದು. ಜನ ಮೋಸಹೋಗದಂತೆ ಕಾಯುವುದೇ ಈ ಹಕ್ಕಿನ ಉದ್ದೇಶ. ನಮ್ಮ ದೇಶದಲ್ಲಿ ಇಂಥ ಚಿಹ್ನೆಗಳಿಗೆಂದೇ 1999ರ ಕಾಯಿದೆಯಿದೆ.

ಹಾಗಾದರೆ ಬಳಸುವುದು ಹೇಗೆ? ವಿಕಿಪೀಡಿಯದ ವಿಷಯವಾಗಿ ವರದಿಯನ್ನೋ ಲೇಖನವನ್ನೋ ಬರೆಯುವಾಗ ಲಾಂಛನವನ್ನು ತೋರಿಸಬಹುದು. ಆ ತಾಣಕ್ಕೆ ದಾರಿ ತೋರಿಸಲೂ ಬಳಸಬಹುದು. ಆದರೆ ಎಳೆದು ಉದ್ದ ಮಾಡುವುದು, ಬಣ್ಣ ಬದಲಿಸುವುದು, ನಿಮ್ಮ ಹೆಸರಿನೊಡನೆ ಬೆಸೆಯುವುದು ಕೂಡದು. ಸುತ್ತ ಒಂದಿಷ್ಟು ಜಾಗ ಬಿಡಬೇಕು. ಅಂಗಿ, ಬಟ್ಟಲುಗಳ ಮೇಲೆ ಅಚ್ಚೊತ್ತಿ ಮಾರುವುದಾದರೆ ಮೊದಲೇ ಒಪ್ಪಿಗೆ ಪಡೆಯಬೇಕು. ‘ಅವರು ನಮ್ಮನ್ನು ಮೆಚ್ಚಿದ್ದಾರೆ’ ಎಂಬ ಭ್ರಮೆ ಹುಟ್ಟುವಂತೆ ಎಲ್ಲಿಯೂ ಬಳಸತಕ್ಕದ್ದಲ್ಲ. ಪರರ ಪುಟದಿಂದ ಮಾಸಿದ ಪ್ರತಿಯನ್ನು ಕತ್ತರಿಸಿಕೊಳ್ಳುವ ಬದಲು, ಮೂಲದವರೇ ಇಟ್ಟಿರುವ ಸ್ಫುಟವಾದ ಪ್ರತಿಯನ್ನು ತೆಗೆದುಕೊಳ್ಳಿರಿ.

ನಿಮ್ಮ ಮಕ್ಕಳು ಶಾಲೆಯ ಸಂಚಿಕೆಗೆ ಚಿತ್ರ ಹುಡುಕುವಾಗ ಇಷ್ಟು ಹೇಳಿಕೊಡಿ: ಒಬ್ಬರ ಪತ್ರವನ್ನು ಅವರು ಒಪ್ಪಿದರೆ ನಕಲು ಮಾಡಿಕೊಳ್ಳಬಹುದು, ಅವರ ರುಜುವನ್ನು ನಮ್ಮ ಕಾಗದದ ಮೇಲೆ ಹಾಕಲಾಗದು. ಲಾಂಛನವೆಂದರೆ ರುಜು.