ಎಳೆಗರುಗಳ ಕರುಳಿನ ರೋಗನಿರೋಧಕ ಶಕ್ತಿ ಮತ್ತು ಪ್ರೋಬಯಾಟಿಕ್ ಪೂರಕಗಳು

ಹುಟ್ಟಿದ ಮೊದಲ ಕೆಲವು ವಾರಗಳಲ್ಲಿ ಕರುಗಳು ಸಾವನ್ನಪ್ಪಲು ಭೇದಿಯು ಒಂದು ಪ್ರಮುಖ ಕಾರಣವಾಗಿರುತ್ತದೆ. ಇದನ್ನು ತಡೆಗಟ್ಟುವ ಸಲುವಾಗಿ ಅನೇಕ ಹೈನುಗಾರರು ಔಷಧಿ ಅಂಗಡಿಗಳಿಂದ ಪ್ರೋಬಯಾಟಿಕ್ ಪುಡಿಗಳನ್ನು ಖರೀದಿಸುತ್ತಿದ್ದಾರೆ. ಸದರಿ ಪುಡಿಗಳ ಪ್ರಯೋಜನ ಹಾಗೂ ಮಿತಿಗಳನ್ನು ಜಾನುವಾರು ಮಾಲೀಕರ ಮಾಹಿತಿಗಾಗಿ ಇಲ್ಲಿ ವಿವರಿಸಲಾಗಿದೆ.

ಮಾನವ ಶಿಶುವಿಗೆ ಗರ್ಭದಲ್ಲಿಯೇ ತಾಯಿಯಿಂದ ಪ್ರತಿಕಾಯಗಳು ದೊರೆಯುತ್ತವೆ. ಕರುವಿಗೆ ಆ ಅನುಕೂಲವಿಲ್ಲ. ಅದು ಪ್ರತಿಕಾಯಗಳಿಲ್ಲದೆಯೇ ಜನಿಸುತ್ತದೆ ಎನ್ನಬಹುದು. ಅವು ದೊರೆಯುವುದು ಗಿಣ್ಣು ಹಾಲಿನಿಂದ. ಗಿಣ್ಣಿನಲ್ಲಿರುವ ಪ್ರತಿಕಾಯಗಳನ್ನು ಹೀರಿಕೊಂಡು ರಕ್ತಕ್ಕೆ ಸೇರಿಸುವ ಕರುಳಿನ ಸಾಮರ್ಥ್ಯವು ಗಂಟೆಗಂಟೆಗೂ ಕುಗ್ಗುತ್ತಾ ಸುಮಾರು 24 ಗಂಟೆಗಳಲ್ಲಿ ಕೊನೆಗೊಳ್ಳುತ್ತದೆ. ಹೀಗಿದ್ದರೂ ಮಾಸು ಬೀಳುವವರೆಗೆ ಹಾಲು ಕರೆಯಬಾರದೆಂಬ ತಪ್ಪು ನಂಬಿಕೆಯಿಂದ ಕೆಲವರು ಕರುವನ್ನು ಉಪವಾಸ ಇಡುವುದುಂಟು. ಮಾಸು ಬೀಳಲು ಹಲವು ಗಂಟೆಗಳೇ ಹಿಡಿಯಬಹುದು. ಅಷ್ಟರಲ್ಲಿ ಅಮೂಲ್ಯವಾದ ಅವಧಿಯು ಕಳೆದುಹೋಗಿರುತ್ತದೆ. ಆದುದರಿಂದ ಜನಿಸಿದ ಒಂದೆರಡು ಗಂಟೆಗಳೊಳಗೆ ಮೊದಲ ಗಿಣ್ಣು ಕುಡಿಸತಕ್ಕದ್ದು. ಮೊದಲ ದಿನ ಕರುವಿನ ತೂಕದ ಹತ್ತನೇ ಒಂದು ಭಾಗದಷ್ಟು, ಅಂದರೆ 25 ಕೆ.ಜಿ. ತೂಕದ ಕರುವಿಗೆ ಎರಡೂವರೆ ಲೀಟರ್ ಗಿಣ್ಣನ್ನು ಎರಡು ಮೂರು ಬಾರಿಯಾಗಿ ಕುಡಿಸುವುದು ಅವಶ್ಯಕ. ನೆರೆಹೊರೆಯವರಿಗೆ ಗಿಣ್ಣು ಹಂಚುವ ಪದ್ಧತಿಗೆ ಆಕ್ಷೇಪವಿಲ್ಲ. ಆದರೆ ಕರುವಿನ ಪಾಲು ಕಳೆದು ಉಳಿದುದನ್ನು ಮಾತ್ರ ಹಂಚುವುದು ಸೂಕ್ತ.

ಪ್ರೋಬಯಾಟಿಕ್‌ಗಳ ಪಾತ್ರ ಇದರ ನಂತರದ್ದು. ಇವು ಲ್ಯಾಕ್ಟೋಬ್ಯಾಸಿಲಸ್‌ನಂತಹ ಉಪಯುಕ್ತ ಬ್ಯಾಕ್ಟೀರಿಯಾ ಅಥವಾ ಯೀಸ್ಟ್‌ನ ಜೀವಂತ ಕಣಗಳು. ಇವು ಕರುಳಿನ ಒಳಪದರದಲ್ಲಿ ನೆಲೆಗೊಂಡು ಇ. ಕೋಲಿಯಂತಹ ರೋಗಾಣುಗಳಿಗೆ ಸ್ಥಳ ಹಾಗೂ ಆಹಾರ ದೊರೆಯದಂತೆ ಸ್ಪರ್ಧಿಸುತ್ತವೆ. ಲ್ಯಾಕ್ಟಿಕ್ ಆಮ್ಲವನ್ನು ಉತ್ಪಾದಿಸುವ ಬ್ಯಾಕ್ಟೀರಿಯಾಗಳು ರೋಗಾಣುಗಳಿಗೆ ಒಗ್ಗದ ವಾತಾವರಣವನ್ನೂ ನಿರ್ಮಿಸುತ್ತವೆ. ಕರುಳಿನ ಸ್ವಂತ ರೋಗನಿರೋಧಕ ವ್ಯವಸ್ಥೆಗೂ ಇವುಗಳಿಂದ ಪ್ರಚೋದನೆ ದೊರೆಯುತ್ತದೆ. ಸ್ಥಳಾಂತರ ಅಥವಾ ಆಹಾರ ಬದಲಾವಣೆಯ ಒತ್ತಡದಲ್ಲಿರುವ ಕರುಗಳಲ್ಲಿ ಪ್ರಯೋಜನ ಹೆಚ್ಚು. ಗಿಣ್ಣು ಕುಡಿದು ಸ್ವಚ್ಛ ಕೊಟ್ಟಿಗೆಯಲ್ಲಿ ಬೆಳೆಯುತ್ತಿರುವ ಆರೋಗ್ಯವಂತ ಕರುವಿನಲ್ಲಿ ಅಷ್ಟಾಗಿ ಕಂಡುಬರದು. ಗಿಣ್ಣಿನ ಕೊರತೆಯನ್ನು ಯಾವ ಪುಡಿಯೂ ತುಂಬಿಕೊಡಲಾರದು.

ಖರೀದಿಸುವಾಗ ಲೇಬಲ್‌ನಲ್ಲಿ ಜೀವಾಣುವಿನ ಹೆಸರು, ಪ್ರತಿ ಗ್ರಾಂನಲ್ಲಿರುವ ಸಂಖ್ಯೆ ಹಾಗೂ ಅವಧಿ ಮುಗಿಯುವ ದಿನಾಂಕವನ್ನು ಪರಿಶೀಲಿಸತಕ್ಕದ್ದು. ಸುಡುವ ಹಾಲಿಗೆ ಹೆಪ್ಪು ಹಾಕಿದರೆ ಮೊಸರಾಗದಿರುವಂತೆ, ಬಿಸಿ ಹಾಲಿನಲ್ಲಿ ಬೆರೆಸಿದ ಪುಡಿಯೂ ನಿರುಪಯುಕ್ತ. ಉಗುರುಬೆಚ್ಚಗಿನ ಹಾಲಿನಲ್ಲಿ ಬೆರೆಸಿ ಕೂಡಲೇ ಕುಡಿಸಬೇಕು. ಆಂಟಿಬಯಾಟಿಕ್ ನೀಡುತ್ತಿದ್ದಲ್ಲಿ ಅದು ಪುಡಿಯಲ್ಲಿರುವ ಬ್ಯಾಕ್ಟೀರಿಯಾವನ್ನೂ ಕೊಲ್ಲಬಹುದಾದ್ದರಿಂದ ಪಶುವೈದ್ಯರ ಸಲಹೆ ಪಡೆಯುವುದು. ಆಂಟಿಬಯಾಟಿಕ್‌ಗಳನ್ನು ಸ್ವಇಚ್ಛೆಯಿಂದ ಬಳಸಬಾರದು. ಕೊಲಿಸ್ಟಿನ್ ಎಂಬ ಔಷಧಿಯನ್ನು ಆಹಾರೋತ್ಪಾದಕ ಪ್ರಾಣಿಗಳಲ್ಲಿ ಬಳಕೆಗಾಗಿ ತಯಾರಿಸುವುದನ್ನು ಹಾಗೂ ಮಾರುವುದನ್ನು ಕೇಂದ್ರ ಸರ್ಕಾರವು 2019ರಲ್ಲಿ ನಿಷೇಧಿಸಿದೆ.

ಪ್ರೋಬಯಾಟಿಕ್ ಭೇದಿಗೆ ಚಿಕಿತ್ಸೆಯಲ್ಲ. ಭೇದಿಯಿಂದ ಕರು ಸಾಯುವುದು ಬಹುಪಾಲು ನೀರು ಹಾಗೂ ಲವಣಾಂಶದ ನಷ್ಟದಿಂದ. ಕಣ್ಣು ಗುಳಿಬಿದ್ದಿದ್ದಲ್ಲಿ, ಕರು ಮೇಲೇಳದಿದ್ದಲ್ಲಿ ಅಥವಾ ಸಗಣಿಯಲ್ಲಿ ರಕ್ತ ಕಂಡುಬಂದಲ್ಲಿ ವಿಳಂಬ ಮಾಡದೆ ಹತ್ತಿರದ ಪಶು ಆಸ್ಪತ್ರೆಯನ್ನು ಅಥವಾ 1962 ಉಚಿತ ದೂರವಾಣಿ ಸಂಖ್ಯೆಯನ್ನು ಸಂಪರ್ಕಿಸುವುದು. ಆಸ್ಪತ್ರೆಗೆ ಬರುವಾಗ ಸಗಣಿಯ ಮಾದರಿಯನ್ನು ಸ್ವಚ್ಛವಾದ ಮುಚ್ಚಳವಿರುವ ಡಬ್ಬಿಯಲ್ಲಿ ತರುವುದು.